ಗೋಡೆ ಮೇಲಿದ್ದ ಡಾಕ್ಟ್ರು

ನಮ್ಮನೆಯವರು ಡಾಕ್ಟ್ರು ಅಂತ ಹೇಳಿದ ತಕ್ಷಣ ಜನ "ಯಾವ ಡಾಕ್ಟ್ರು?" ಅಂತಾರೆ. ಅಲ್ಲಿಂದ ನನ್ನ ಗ್ರಹಚಾರ ಶುರು. ಅನಸ್ತೇಶಿಯಾ ಅಂದ್ರೆ ಅರ್ಧ ಜನಕ್ಕೆ ನಾಲಿಗೆ ಹೊರಳಲ್ಲ. ಆಪರೇಷನ್ನಿಗೆ ಮುಂಚೆ ಮತ್ತು ಬರಿಸ್ತಾರಲ್ಲ, ಅವರು ಅಂದ್ರೆ "ಓಹೋ, ಇಂಜೆಕ್ಷನ್ ಕೊಡೋರಾ" ಅಂತ ಮುಖ ಸಣ್ಣ ಮಾಡ್ಕೋತಾರೆ. ನಮ್ಮ ಬೀದಿ ಕೊನೆಯ ಕ್ಷೌರದಂಗಡಿಯವನಂತೂ ಇವರಿಗೆ ಮತ್ತಿನ ಡಾಕ್ಟ್ರು ಅಂತಲೇ ಹೆಸರಿಟ್ಟುಬಿಟ್ಟಿದ್ದಾನೆ. ಒಂದು ಸಲ ಅಂಗಡಿಗೆ ಬಂದ ಹೊಸಬನೊಬ್ಬ "ಇವರದ್ದು ಬಾರ್ ಇದೆಯಾ?" ಅಂತ ಕೇಳಿದ್ನಂತೆ. ಇವರು ಮನೆಗೆ ಬಂದು ಹೊಟ್ಟೆ ಹಿಡ್ಕೊಂಡು ನಗ್ತಾ ಅದನ್ನ ಹೇಳಿದ್ರು. ನನಗೆ ನಗು ಬರಲಿಲ್ಲ. ಸಿಟ್ಟು ಬರಬೇಕಾದ ಕಡೆಯೆಲ್ಲ ಇವರಿಗೆ ನಗು ಬರುತ್ತೆ. ಇವರ ಪಾಲಿನ ಸಿಟ್ಟನ್ನೂ ಸೇರಿಸಿ ನಾನೇ ಮಾಡ್ಕೋಬೇಕು.

ಇವರಿಗೆ ಅಂತ ಒಂದು ಆಸ್ಪತ್ರೆ ಇಲ್ಲ. ಬೆಳಿಗ್ಗೆ ಹೋಗಿ ಆಪರೇಷನ್ ಮಾಡಿಸ್ಕೊಂಡು ಸಂಜೆ ಮನೆಗೆ ಬರೋ ಸಣ್ಣ ಸಣ್ಣ ಸೆಂಟರುಗಳು ಊರ ತುಂಬ ಎದ್ದಿವೆಯಲ್ಲ, ಕಣ್ಣಿಗೊಂದು, ಮೂಗಿಗೊಂದು, ಚರ್ಮಕ್ಕೊಂದು, ಅಂಥ ಕಡೆಯವರು ಫೋನ್ ಮಾಡಿ ಕರೀತಾರೆ, ಇವರು ಹೋಗ್ತಾರೆ. ಕಾರಿನ ಡಿಕ್ಕಿಯಲ್ಲಿ ಯಾವಾಗಲೂ ಎರಡು ಬ್ಯಾಗು. ಒಂದರಲ್ಲಿ ಗಂಟಲಿಗೆ ಇಳಿಸೋ ಟ್ಯೂಬುಗಳು, ಮಾಸ್ಕುಗಳು, ಗಂಟಲು ನೋಡೋ ದೀಪಕ್ಕೆ ಬದಲಿ ಬ್ಯಾಟರಿ. ಇನ್ನೊಂದರಲ್ಲಿ ಬದಲಿ ಬಟ್ಟೆ, ಬಿಸ್ಕತ್ತು, ಓದೋ ಕನ್ನಡಕ. "ಸೆಂಟರಿನಲ್ಲಿ ಇದೆಲ್ಲ ಇರಲ್ವೇನ್ರೀ?" ಅಂತ ಮದುವೆಯಾದ ಹೊಸದರಲ್ಲಿ ಕೇಳಿದ್ದೆ. "ಇರುತ್ತೆ ಕಣೇ. ಕೆಲಸ ಮಾಡುತ್ತಾ ಅನ್ನೋದು ಬೇರೆ ಮಾತು" ಅಂದಿದ್ರು. ಆಕ್ಸಿಜನ್ ಸಿಲಿಂಡರ್ ತುಂಬಿದೆ ಅಂತ ಯಾರು ಆಣೆ ಮಾಡಿ ಹೇಳಿದ್ರೂ ನಂಬಲ್ಲ. ತಾವೇ ತಿರುಗಿಸಿ, ಮುಳ್ಳು ನೋಡಿ, ಗಾಳಿ ಬರೋದನ್ನ ಅಂಗೈಯಲ್ಲಿ ಮುಟ್ಟಿ ನೋಡಿದ ಮೇಲೇ ಮುಂದಿನ ಕೆಲಸ.

ಆಪರೇಷನ್ ಮುಗೀತು ಅಂತ ಬಂದುಬಿಡ್ತಾರಾ? ಅದೂ ಇಲ್ಲ. ಸರ್ಜನ್ನು ಗ್ಲೌಸ್ ಬಿಚ್ಚಿ, ಕಾಫಿ ಕುಡಿದು, ಕಾರು ಹತ್ತಿ ಹೋಗಿರ್ತಾರೆ. ಇವರು ಮಾತ್ರ ಪೇಷಂಟ್ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತಿರ್ತಾರೆ. ಪೇಷಂಟ್ ಕಣ್ಣು ಬಿಟ್ಟು ಹೆಸರು ಹೇಳಿದ್ರೆ ಸಾಲಲ್ಲ. "ಮನೇಲಿ ಕೊನೇ ಸಲ ಯಾರ ಜೊತೆ ಜಗಳ ಆಡಿದ್ರಿ, ಯಾಕೆ?" ಅಂತ ಕೇಳ್ತಾರೆ. ಪೂರ್ತಿ ಎಚ್ಚರ ಆದವರು ಮಾತ್ರ ತಪ್ಪೆಲ್ಲ ಎದುರಿನವರದ್ದೇ ಅಂತ ಹೇಳ್ತಾರಂತೆ. ಹಾಗೆ ಹೇಳಿದ ಮೇಲೇ ಇವರು ಸ್ಟೂಲ್ ಬಿಟ್ಟು ಏಳೋದು. ಅಷ್ಟರಲ್ಲಿ ಮುಂದಿನ ಸೆಂಟರಿನವರು ನನಗೆ ಫೋನ್ ಮಾಡಿ "ಮೇಡಂ, ಡಾಕ್ಟ್ರು ಎಲ್ಲಿ?" ಅಂತ ತಲೆ ತಿಂದಿರ್ತಾರೆ. ಊಟ ಆರಿರುತ್ತೆ, ನಾನೂ ಉರಿದು ಆರಿರ್ತೀನಿ.

ಇಷ್ಟು ಎಚ್ಚರಿಕೆಯ ಮನುಷ್ಯ. ಆದ್ರೆ ಒಂದೇ ಒಂದು ಮಾತು ಇವರ ಬಾಯಿಂದ ಬರಲ್ಲ. "ಇಲ್ಲ, ಆಗಲ್ಲ." ಅಷ್ಟೇ. ಅದನ್ನ ಹೇಳೋಕೆ ಹೊರಟ್ರೆ ಇವರಿಗೆ ಕೆಮ್ಮು ಬರುತ್ತೆ. ನಿಜವಾಗಲೂ ಕೆಮ್ಮು! ಎದುರಿನವರು ಕೆಮ್ಮು ನಿಲ್ಲೋ ತನಕ ಕಾಯ್ತಾರೆ, ನಿಂತ ಮೇಲೆ ಇವರು "ಆಯ್ತು ಬಿಡಿ" ಅಂತಾರೆ.

ಈ ಸೆಂಟರುಗಳಿಗೆ ಲೈಸೆನ್ಸ್ ಬೇಕು ಅಂದ್ರೆ ಆರೋಗ್ಯ ಇಲಾಖೆಯವರಿಗೆ ಒಬ್ಬ ಮತ್ತಿನ ಡಾಕ್ಟ್ರ ಹೆಸರು ತೋರಿಸಬೇಕು. ಸುಮ್ನೆ ಹೆಸರಲ್ಲ. ಅವರ ಸರ್ಟಿಫಿಕೇಟ್ ಪ್ರತಿ, ಫೋಟೋ, ಜೊತೆಗೆ "ನಾನು ಇಲ್ಲಿ ಕೆಲಸ ಮಾಡ್ತೀನಿ" ಅಂತ ವರ್ಷಕ್ಕೊಂದು ಸಹಿ ಮಾಡಿದ ಪತ್ರ. ಸರ್ಟಿಫಿಕೇಟಿಗೆ ಫೋಟೋ ಸಮೇತ ಕಟ್ಟು ಹಾಕಿಸಿ, ಒಳಗೆ ಬಂದವರ ಕಣ್ಣಿಗೆ ಬೀಳೋ ಹಾಗೆ ಗೋಡೆಗೆ ಹೊಡೆಸಬೇಕು. ಊರಲ್ಲಿ ಸೆಂಟರುಗಳು ರಾಶಿ ಇವೆ, ಮತ್ತಿನ ಡಾಕ್ಟ್ರು ಬೆರಳೆಣಿಕೆಯಷ್ಟು ಜನ. ಹಾಗಾಗಿ ಎಲ್ಲರೂ ಇವರ ಹತ್ರ ಬರೋರು. ಜೊತೆಗೆ ಓದಿದವರು, ಕಿರಿಯರು, ಯಾವತ್ತೋ ಒಂದು ಸಲ ಲಿಫ್ಟಿನಲ್ಲಿ ಸಿಕ್ಕಿದವರು. "ಸರ್, ಸುಮ್ನೆ ಹೆಸರಿಗೆ. ಕೇಸ್ ಬಂದ್ರೆ ನಿಮ್ಮನ್ನೇ ಕರೀತೀವಿ." ಇವರು ಕೆಮ್ಮೋರು, ಆಮೇಲೆ ಸಹಿ ಹಾಕೋರು. ಅದಕ್ಕೆ ಒಂದು ಕಾಸು ತಗೊಂಡಿದ್ರೆ "ದುರಾಸೆ" ಅಂತಾದ್ರೂ ಬಯ್ಯಬಹುದಿತ್ತು. ಅದೂ ಇಲ್ಲ! ಬಿಟ್ಟಿ ಉಪಕಾರ!

ನನಗೆ ಇದು ಗೊತ್ತಾಗಿದ್ದು ಹೇಗೆ ಅಂದ್ರೆ, ಕತ್ತಿನ ಮೇಲೆ ಒಂದು ನರಹುಲಿ ಎದ್ದಿತ್ತು ಅಂತ ಒಂದು ಚರ್ಮದ ಸೆಂಟರಿಗೆ ಹೋಗಿದ್ದೆ. ಮೆತ್ತನೆ ಸೋಫಾ, ತಣ್ಣನೆ ಗಾಳಿ, ಮೂಲೆಯಲ್ಲಿ ಪ್ಲಾಸ್ಟಿಕ್ ಗಿಡ. ತಲೆ ಎತ್ತಿ ನೋಡ್ತೀನಿ, ಗೋಡೆ ಮೇಲೆ ನನ್ನ ಗಂಡ! ತಲೆ ತುಂಬ ಕೂದಲಿದ್ದ ಕಾಲದ ಫೋಟೋ, ಕೊರಳಿಗೆ ಟೈ, ಕೆಳಗೆ ದಪ್ಪ ಅಕ್ಷರದಲ್ಲಿ "ಪೂರ್ಣಾವಧಿ ಅರಿವಳಿಕೆ ತಜ್ಞರು". ಮೈಯೆಲ್ಲ ಉರಿದುಹೋಯ್ತು. ಆದ್ರೂ ತಡ್ಕೊಂಡು ಕೌಂಟರಿನ ಹುಡುಗಿ ಹತ್ರ ಹೋಗಿ, "ಈ ಡಾಕ್ಟ್ರು ಯಾವಾಗ ಸಿಗ್ತಾರಮ್ಮ?" ಅಂತ ಕೇಳಿದೆ.

"ದಿನಾ ಇರ್ತಾರೆ ಮೇಡಂ. ಈಗ ಒಳಗಡೆನೇ ಇದ್ದಾರೆ, ಒಂದು ಪ್ರೊಸೀಜರಿನಲ್ಲಿ" ಅಂದಳು, ಕಣ್ಣು ಮಿಟುಕಿಸದೆ.

ನಾನು ಮನೆ ಬಿಟ್ಟು ಬರೋವಾಗ ಆ ಒಳಗಡೆ ಇದ್ದ ಡಾಕ್ಟ್ರು ಬನಿಯನ್ ಹಾಕ್ಕೊಂಡು ಸೋಫಾ ಮೇಲೆ ಬಾಯಿ ಬಿಟ್ಕೊಂಡು ಮಲಗಿದ್ರು. ನರಹುಲಿ ಅಲ್ಲೇ ಬಿಟ್ಟು ಸೀದಾ ಮನೆಗೆ ಬಂದೆ. ಇನ್ನೂ ಹಾಗೇ ಮಲಗಿದ್ರು. ಎಬ್ಬಿಸಿದೆ.

"ಏನ್ರೀ, ಪ್ರೊಸೀಜರ್ ಮುಗೀತಾ?"

ಪಾಪ, ಏನೂ ಅರ್ಥ ಆಗದೆ ಎದ್ದು ಕೂತ್ರು. ಹೇಳಿದೆ. ನಗೋಕೆ ಶುರು ಮಾಡಿದ್ರು. ನನ್ನ ಮುಖ ನೋಡಿ ನಿಲ್ಲಿಸಿದ್ರು.

"ಇನ್ನೆಷ್ಟು ಗೋಡೆ ಮೇಲೆ ಇದ್ದೀರಿ?"

"ಲೆಕ್ಕ ಇಟ್ಟಿಲ್ಲ ಕಣೇ."

"ಸಿಲಿಂಡರ್ ಕಣ್ಣಾರೆ ನೋಡದೆ ನಂಬಲ್ಲ. ಯಾವಳೋ ನರ್ಸು ತುಂಬಿಸಿಟ್ಟ ಸಿರಿಂಜ್ ಮುಟ್ಟಲ್ಲ. ಆದ್ರೆ ನಿಮ್ಮ ಹೆಸರನ್ನ ಮಾತ್ರ ಕೇಳಿದವರಿಗೆಲ್ಲ ಹಂಚಿ ಬರ್ತೀರಲ್ಲ, ತಲೆ ಸರಿ ಇದೆಯೇನ್ರೀ ನಿಮಗೆ? ನಾಳೆ ಅಲ್ಲಿ ಯಾರಿಗಾದ್ರೂ ಏನಾದ್ರೂ ಆದ್ರೆ?"

"ಏನೂ ಆಗಲ್ಲ ಬಿಡೇ. ಎಲ್ಲರೂ ಹೀಗೇ ಮಾಡೋದು. ಇಲಾಖೆಯವರಿಗೂ ಗೊತ್ತು."

ಎಲ್ಲರೂ ಹೀಗೇ ಮಾಡೋದು! ಈ ಒಂದು ಮಾತು ಕೇಳಿದ್ರೆ ನನಗೆ ಗೋಡೆಗೆ ತಲೆ ಚಚ್ಕೊಳ್ಳೋಣ ಅನ್ನಿಸುತ್ತೆ. ಅವತ್ತು ಬಾಯಿ ನೋಯೋ ತನಕ ಹೇಳಿದೆ. ಒಂದೊಂದು ಕಡೆಗೂ ಹೋಗಿ ಹೆಸರು ತೆಗೆಸಿ ಬನ್ನಿ ಅಂದೆ. "ಆಯ್ತು, ಈ ವಾರ ಹೋಗ್ತೀನಿ" ಅಂದ್ರು. ಆ ವಾರ ಬರಲೇ ಇಲ್ಲ.

ಆಮೇಲೆ ಆ ಹಲ್ಲಿನ ಡಾಕ್ಟರಮ್ಮನ ಫೋನು. ಇವರ ಕಾಲೇಜಿನಲ್ಲೇ ಓದಿದವಳು, ಇವರಿಗಿಂತ ಎಷ್ಟೋ ಚಿಕ್ಕವಳು. ಇವರನ್ನ ಅಣ್ಣ ಅಂತಾಳೆ, ನನ್ನನ್ನ ಅತ್ತಿಗೆ ಅಂತಾಳೆ. ಮಾತು ಬೆಣ್ಣೆ. ಸಣ್ಣ ಕ್ಲಿನಿಕ್ ಇಟ್ಕೊಂಡಿದ್ದೋಳು ಅದನ್ನ ಬೆಳೆಸಿ ಹಲ್ಲು, ದವಡೆ ಆಪರೇಷನ್ ಸೆಂಟರ್ ಮಾಡಿದ್ಳು. ಫೋನ್ ಬಂದಾಗ ಇವರು ಕನ್ನಡಿ ಮುಂದೆ ಗಡ್ಡ ಹೆರ್ಕೋತಿದ್ರು, ಕೈಯೆಲ್ಲ ನೊರೆ. ಸ್ಪೀಕರ್ ಹಾಕು ಅಂದ್ರು. "ಇರಮ್ಮ, ಕೊಡ್ತೀನಿ" ಅಂತ ನಾನೇ ಹಾಕಿದೆ.

"ಅಣ್ಣಾ, ಈ ವರ್ಷದ ಪತ್ರಕ್ಕೆ ನಿಮ್ಮ ಸಹಿ ಆಗಿಲ್ಲ. ತಪಾಸಣೆಗೆ ಇವತ್ತೇ ಬರ್ತಾರಂತೆ. ಎಲ್ಲಿದ್ದೀರಿ, ಬರಲಾ?"

"ನಾನು ಈಗಲೇ ಹೊರಡ್ತಿದ್ದೀನಮ್ಮ, ಕಣ್ಣಿನ ಸೆಂಟರಿಗೆ."

"ಅಯ್ಯೋ, ಏನ್ಮಾಡ್ಲಿ ಅಣ್ಣಾ ಈಗ?"

ಇವರು ಕೆಮ್ಮಿದ್ರು. ಆಮೇಲೆ ಅಂದ್ರು, "ನಿಂಗೆ ನನ್ನ ಸಹಿ ಗೊತ್ತಲ್ಲ. ನೀನೇ ಹಾಕ್ಕೊಂಡ್ಬಿಡು."

ನನ್ನ ಕೈಯಲ್ಲಿದ್ದ ಟವಲ್ ಜಾರಿ ಕೆಳಗೆ ಬಿತ್ತು. ಫೋನ್ ಇಟ್ಟ ಮೇಲೆ ನಾನು ಏನೇನು ಅಂದೆ ಅನ್ನೋದನ್ನ ಇಲ್ಲಿ ಬರೆಯೋ ಹಾಗಿಲ್ಲ. ಇವರು ಅರ್ಧ ಗಡ್ಡದಲ್ಲಿ ನಿಂತು ಪೂರ್ತಿ ಕೇಳಿಸ್ಕೊಂಡ್ರು. "ಅವಳು ನಮ್ಮ ಹುಡುಗಿ ಕಣೇ, ಕೇಸ್ ಇದ್ರೆ ಕರೀತಾಳೆ" ಅಂದ್ರು. ಗಡ್ಡ ಮುಗಿಸಿ ಹೊರಟುಹೋದ್ರು.

ಕರೆದಿದ್ದೇನೋ ಹೌದು, ಇವರು ಸಿಗಲಿಲ್ಲ. ಬೇಸಿಗೆ ಕಳೆಯೋದರೊಳಗೆ ಅಲ್ಲಿ ಒಂದು ಹುಡುಗಿ ಹಲ್ಲು ತೆಗೆಸೋಕೆ ಬಂತು. ಶಾಲಾ ಬಸ್ಸಿನ ಡ್ರೈವರ್ ಒಬ್ಬರ ಮಗಳು. ಆಗ ತಾನೇ ಓದು ಮುಗಿಸಿ ಕಾಲ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿತ್ತು. ದವಡೆ ಮೂಲೆಯ ಬುದ್ಧಿ ಹಲ್ಲು ಅಡ್ಡ ಬೆಳೆದು ಕೆನ್ನೆ ಊದಿತ್ತು. ಹುಡುಗಿಗೆ ವಿಪರೀತ ಹೆದರಿಕೆ. "ಮಲಗಿಸಿಯೇ ತೆಗೀರಿ" ಅಂತ ಹಠ. ಬೇರೆ ಯಾವನೋ ಮತ್ತಿನ ಡಾಕ್ಟರಿಗೆ ಫೋನ್ ಮಾಡಿದ್ರೆ ಅವನು ತಡ ಆಗುತ್ತೆ ಅಂದ. ಇವರಿಗೆ ಮಾಡಿದ್ರೆ ಇವರು ಇನ್ನೊಂದು ಕಡೆ ಆಪರೇಷನ್ ಥಿಯೇಟರಿನೊಳಗೆ ಇದ್ರು, ಫೋನ್ ಎತ್ತಲಿಲ್ಲ. ಕಾಯೋಣ ಅಂತ ಹಲ್ಲಿನ ಡಾಕ್ಟರಮ್ಮನಿಗೆ ಅನ್ನಿಸಲಿಲ್ಲ. ಸ್ವಲ್ಪವೇ ತಾನೇ ಅಂತ ಔಷಧಿ ತಾನೇ ಕೊಟ್ಟಳು. ಸ್ವಲ್ಪ ಸಾಲಲಿಲ್ಲ, ಇನ್ನಷ್ಟು ಕೊಟ್ಟಳು. ಆಮೇಲೆ ಹಲ್ಲಿಗೆ ಕೈ ಹಾಕಿದ್ಳು. ಹಲ್ಲು ನೋಡೋರು ಹಲ್ಲು ನೋಡ್ತಿದ್ರು, ಉಸಿರು ನೋಡಬೇಕಾದವರು ಗೋಡೆ ಮೇಲಿದ್ರು. ಹುಡುಗಿ ತುಟಿ ನೀಲಿ ಆಗೋ ತನಕ ಯಾರಿಗೂ ಗೊತ್ತಾಗಲಿಲ್ಲ.

ಆಂಬ್ಯುಲೆನ್ಸ್, ದೊಡ್ಡಾಸ್ಪತ್ರೆ, ವೆಂಟಿಲೇಟರ್. ಹುಡುಗಿ ಉಳೀತು. ಉಳೀತು ಅಂದ್ರೆ ಅಷ್ಟೇ. ಎದ್ದು ನಡೀತಾಳೆ, ತಾನೇ ಊಟ ಮಾಡ್ತಾಳೆ. ಆದ್ರೆ ಮಾತು ಅರ್ಧಕ್ಕೇ ನಿಂತುಹೋಗುತ್ತೆ. ಮುಂದಿನ ಪದ ಸಿಗಲ್ಲ. ದಿನವಿಡೀ ಮಾತಾಡೋದೇ ಕೆಲಸ ಆಗಿದ್ದ ಹುಡುಗಿಗೆ ಹೀಗಾದ್ರೆ ಇನ್ನೇನು ಉಳೀತು?

ಸುದ್ದಿ ಬಂದಾಗ ಇವರು "ಹುಡುಗಿ ಹೇಗಿದ್ದಾಳೆ?" ಅಂತ ಕೇಳಿದ್ರು. ಆಮೇಲೆ ಬಾಲ್ಕನಿಗೆ ಹೋಗಿ ನಿಂತ್ರು. ಊಟಕ್ಕೆ ಕರೆದೆ, ಬರಲಿಲ್ಲ. ನನ್ನ ಎದೆಯಲ್ಲಿ ಬಯ್ಗುಳ ಬೆಟ್ಟದಷ್ಟಿತ್ತು. ಹಿಂದಿನಿಂದ ಆ ಬಾಗಿದ ಭುಜ ನೋಡಿ ಒಳಗೇ ನುಂಗಿದೆ.

ಹುಡುಗಿ ಅಪ್ಪ ದೂರು ಕೊಟ್ರು. ವೈದ್ಯ ಮಂಡಳಿಯಿಂದ ನೋಟಿಸ್ ಬಂತು. ಹಲ್ಲಿನ ಡಾಕ್ಟರಮ್ಮನಿಗೆ ಬಂದು ಹೇಳಿಕೆ ಕೊಡಿ ಅಂತ ಒಂದು, ಇವರಿಗೊಂದು. ಪೂರ್ಣಾವಧಿ ಡಾಕ್ಟ್ರು ಅಂತ ಸಹಿ ಮಾಡಿದ ನೀವು ಅವತ್ತು ಎಲ್ಲಿದ್ರಿ, ನಿಮ್ಮ ನೋಂದಣಿ ಯಾಕೆ ರದ್ದು ಮಾಡಬಾರದು, ಹೇಳಿ ಅಂತ. ನೋಂದಣಿ ಹೋಯ್ತು ಅಂದ್ರೆ ಇವರು ಯಾರಿಗೂ ಮಾಸ್ಕ್ ಹಿಡಿಯೋ ಹಾಗಿಲ್ಲ. ಈ ಮನುಷ್ಯನಿಗೆ ಬೇರೆ ಏನು ಬರುತ್ತೆ ಹೇಳಿ? ಮನೆಯಲ್ಲಿ ಬಲ್ಬ್ ಬದಲಾಯಿಸೋಕೂ ನಾನೇ ಬೇಕು.

ನನ್ನ ತಮ್ಮ ವಕೀಲ. ಆಸ್ಪತ್ರೆ, ಕ್ಲಿನಿಕ್ಕಿನ ಕೇಸುಗಳೇ ಅವನ ಹೊಟ್ಟೆಪಾಡು. ನೋಟಿಸ್ ಓದಿ ಮೊದಲು ಇವರಿಗೆ ಸರಿಯಾಗಿ ನೀರಿಳಿಸಿದ.

"ಭಾವ, ಸೂಜಿಯನ್ನ ಹೆದರಿ ಹೆದರಿ ಹಿಡೀತೀರಿ, ಪೆನ್ನು ಹಿಡಿಯೋಕೆ ಯಾಕೆ ಹೆದರಲ್ಲ ನೀವು ಡಾಕ್ಟ್ರುಗಳು? ಸೂಜಿಯಿಂದ ಆಗೋ ಕೇಸಿಗಿಂತ ಸಹಿಯಿಂದ ಆಗೋ ಕೇಸೇ ನನ್ನ ಹತ್ರ ಜಾಸ್ತಿ ಬರೋದು. ನಡೀರಿ, ಮೊದಲು ಉಳಿದ ಗೋಡೆಗಳಿಂದ ಇಳೀರಿ."

ಇಳಿಸೋಕೆ ನಾನೂ ಜೊತೆಗೆ ಹೋದೆ. ಇವರೊಬ್ಬರನ್ನೇ ಕಳಿಸಿದ್ರೆ ಇನ್ನೆರಡು ಕಡೆ ಸಹಿ ಹಾಕಿ ಬರ್ತಾರೆ ಅನ್ನೋ ಭಯ. ಒಂದು ಕಡೆ "ಅಯ್ಯೋ ಸರ್, ಮೊಳೆ ಕಿತ್ರೆ ಗೋಡೆ ಹಾಳಾಗುತ್ತೆ, ಪೇಂಟ್ ಈಗ ತಾನೇ ಹೊಡೆಸಿದ್ದು" ಅಂದ್ರು. ಇನ್ನೊಂದು ಕಡೆ "ಈ ತಿಂಗಳು ಒಂದು ಇರಲಿ ಸರ್" ಅಂತ ಗೋಗರೆದ್ರು. ಇವರಿಗೆ ಕೆಮ್ಮು ಶುರುವಾಯ್ತು. ನಾನು ಚಪ್ಪಲಿ ಬಿಟ್ಟು ಸೋಫಾ ಹತ್ತಿ ನಾನೇ ಇಳಿಸಿದೆ. ಮನೆಯ ಮಂಚದ ಕೆಳಗೆ ಒಂದರ ಮೇಲೊಂದು ಪೇರಿಸಿಟ್ಟೆ, ಎಲ್ಲದರಲ್ಲೂ ಅದೇ ಟೈ, ಅದೇ ನಗು.

ಅಷ್ಟರಲ್ಲಿ ನನ್ನ ತಮ್ಮ ಹಲ್ಲಿನ ಸೆಂಟರಿನ ಪತ್ರದ ಪ್ರತಿ ತರಿಸಿ ನೋಡಿದ್ದ. ಸಂಜೆ ಓಡಿಬಂದ, ಮುಖ ಅರಳಿತ್ತು.

"ಭಾವ, ಈ ಸಹಿ ನಿಮ್ಮದಲ್ಲ!"

ಇವರು ಓದೋ ಕನ್ನಡಕ ಹಾಕ್ಕೊಂಡು ಹಾಳೆ ನೋಡಿದ್ರು.

"ಯಾರು ನೋಡಿದ್ರೂ ಗೊತ್ತಾಗುತ್ತೆ, ನಕಲು. ಹಿಂದಿನ ವರ್ಷದ್ದಕ್ಕೆ ನೀವೇ ಹಾಕಿದ್ರಿ, ಅದರ ಅವಧಿ ಮುಗೀತು, ಮುಗಿದ ಕಥೆ. ಈ ವರ್ಷದ್ದಕ್ಕೆ ನಿಮ್ಮ ಸಹಿನೇ ಇಲ್ಲ ಅಂದ್ಮೇಲೆ ನಿಮಗೂ ಆ ಸೆಂಟರಿಗೂ ಸಂಬಂಧ ಇಲ್ಲ. ಅಧ್ಯಕ್ಷರು 'ಈ ಸಹಿ ನಿಮ್ಮದಾ?' ಅಂತ ಕೇಳ್ತಾರೆ. 'ಅಲ್ಲ' ಅನ್ನಿ. ಅಷ್ಟೇ. ಅದರ ಮೇಲೆ ಒಂದು ಅಕ್ಷರ ಮಾತಾಡಬೇಡಿ. ತಪ್ಪು ಅಂತ ಒಪ್ಕೊಂಡ್ರೆ ಪರಿಹಾರ ಕಟ್ಟಬೇಕಾದ ನಿಮ್ಮ ವಿಮೆ ಕಂಪನಿಯವರೂ ಕೈ ತೊಳ್ಕೊಂಡು ಎದ್ದುಹೋಗ್ತಾರೆ."

"ಹಾಕು ಅಂತ ನಾನೇ ಹೇಳಿದ್ದು" ಅಂದ್ರು ಇವರು.

ತಮ್ಮ ನನ್ನ ಮುಖ ನೋಡಿದ. ನಾನು ಕಿಟಕಿ ಕಡೆ ನೋಡಿದೆ.

"ಫೋನಿನಲ್ಲಿ ಹೇಳಿದ್ದಾ? ಅದನ್ನ ಕೇಳಿದವರು ಯಾರಿದ್ದಾರೆ?" ಅಂತ ಕೇಳಿದ ತಮ್ಮ.

"ಯಾರೂ ಇಲ್ಲ" ಅಂದೆ ನಾನು.

ಹೌದು, ಅಂದೆ. ನಾಚಿಕೆಯೂ ಆಗಲಿಲ್ಲ. ಹುಡುಗಿಗೆ ಔಷಧಿ ಕೊಟ್ಟೋಳು ಅವಳು, ಕಾಯದೆ ಹೋದೋಳು ಅವಳು. ಕಳ್ಳ ಸಹಿ ಅಂತ ಜೈಲಿಗೆ ಹೋದ್ರೆ ಹೋಗಲಿ. ನನ್ನ ಗಂಡ ಅವತ್ತು ಆ ಬೀದಿಗೇ ಕಾಲಿಟ್ಟಿರಲಿಲ್ಲ. ಮಾಡದ ತಪ್ಪಿಗೆ ಇವರು ಯಾಕೆ ಬಲಿ ಆಗಬೇಕು?

ವಿಚಾರಣೆಗೆ ಹಿಂದಿನ ದಿನ ಅವಳೇ ಮನೆಗೆ ಬಂದಳು. ಕಣ್ಣೆಲ್ಲ ಊದಿತ್ತು. ಇವರು ಮನೆಯಲ್ಲಿರಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದೆ.

"ಅತ್ತಿಗೆ, ಔಷಧಿ ಕೊಟ್ಟಿದ್ದು ನನ್ನ ತಪ್ಪೇ. ಅದನ್ನ ನಾನು ಒಪ್ಕೋತೀನಿ. ಆದ್ರೆ ಸಹಿ ಕದ್ದೆ ಅಂತ ಮಾತ್ರ ಹೇಳಿಸಬೇಡಿ. ಅಣ್ಣನೇ ಹಾಕು ಅಂದಿದ್ದು. ನೀವೂ ಅಲ್ಲೇ ಇದ್ರಿ, ನಿಮ್ಮ ದನಿ ಕೇಳಿಸಿತ್ತು ನಂಗೆ."

"ನನಗೆ ಏನೂ ನೆನಪಿಲ್ಲಮ್ಮ" ಅಂತ ಬಾಗಿಲು ಹಾಕಿದೆ. ಅವಳು ಬಂದಿದ್ದನ್ನ ಇವರಿಗೆ ಹೇಳಲೂ ಇಲ್ಲ. ಊಟಕ್ಕೆ ಕೂತಾಗ "ನಾಳೆ ಏನು ಹೇಳಬೇಕು ಗೊತ್ತಲ್ಲ?" ಅಂತ ಮಾತ್ರ ಕೇಳಿದೆ. "ಗೊತ್ತು" ಅಂದ್ರು. ಪರೀಕ್ಷೆಗೆ ಹೋಗೋ ಮಗುವಿಗೆ ಹೇಳಿದ ಹಾಗೆ ಮತ್ತೆ ಹೇಳಿದೆ, "'ಅಲ್ಲ' ಅಷ್ಟೇ. ಮುಂದೆ ಒಂದಕ್ಷರ ಇಲ್ಲ." ತಲೆ ಆಡಿಸಿದ್ರು.

ಮಂಡಳಿ ಆಫೀಸು ಹಳೇ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಲಿಫ್ಟ್ ಕೆಟ್ಟಿತ್ತು, ಕೆಡದೆ ಇರುತ್ತಾ! ಉದ್ದನೆಯ ಓಣಿ, ಗೋಡೆ ಉದ್ದಕ್ಕೂ ಕಬ್ಬಿಣದ ಕುರ್ಚಿಗಳು. ತಮ್ಮ ಫೈಲು ಕೊಡೋಕೆ ಒಳಗೆ ಹೋದ. ಇವರು ನಾನು ಕೂತ್ವಿ. ಎದುರುಗಡೆ ಒಂದು ಹುಡುಗಿ ಒಬ್ಬಳೇ ಕೂತಿದ್ಳು, ತೊಡೆ ಮೇಲೆ ಕೈ ಮಡಚಿಟ್ಕೊಂಡು. ಇವರನ್ನೇ ದಿಟ್ಟಿಸಿ ನೋಡ್ತಿದ್ಳು. ಆಮೇಲೆ ಎದ್ದು ಮೆಲ್ಲಗೆ ಹತ್ರ ಬಂದಳು. ನಗ್ತಿದ್ಳು.

"ನೀವೇ ಅಲ್ವಾ" ಅಂದಳು. ಅಲ್ಲಿಗೆ ಮಾತು ನಿಂತುಹೋಯ್ತು. ಕಣ್ಣು ಮೇಲೆ ಮಾಡಿ ಪದ ಹುಡುಕಿದ್ಳು. ನಾವು ಕಾದ್ವಿ. ಆಗ ನನಗೆ ಯಾರು ಅಂತ ಗೊತ್ತಾಯ್ತು.

"ನನ್ನನ್ನ... ಮಲಗಿಸಿ... ನೋಡ್ಕೊಂಡಿದ್ದು" ಅಂದಳು. ಸಿಕ್ಕಿದ ಖುಷಿಗೆ ಇವರ ಕೈ ಹಿಡ್ಕೊಂಡಳು. "ತುಂಬಾ... ಥ್ಯಾಂಕ್ಸ್ ಸರ್. ನೀವು ಇದ್ರಿ. ಅದಕ್ಕೇ ನಾನು... ಉಳ್ಕೊಂಡೆ."

ಇವರ ಮುಖದಲ್ಲಿ ರಕ್ತ ಇರಲಿಲ್ಲ. ಅಷ್ಟರಲ್ಲಿ ನೀರಿನ ಬಾಟ್ಲಿ ಹಿಡ್ಕೊಂಡು ಅವಳಪ್ಪ ಬಂದ್ರು. ಇವರನ್ನ ನೋಡಿ ನಿಂತ್ರು. ಮಗಳ ಕೈಯನ್ನ ಇವರ ಕೈಯಿಂದ ನಿಧಾನವಾಗಿ ಬಿಡಿಸಿದ್ರು.

"ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗಿಂದ ಹೀಗೇ ಹೇಳ್ತಾಳೆ" ಅಂದ್ರು, ನೆಲ ನೋಡ್ತಾ. ಕೂಗಾಡಿದ್ರೆ ನಾನೂ ಕೂಗಾಡ್ತಿದ್ದೆ. ಆ ಮನುಷ್ಯ ಕೂಗಲಿಲ್ಲ. "ಅವತ್ತು ಹೆದರ್ಕೊಂಡು ಮನೆಗೆ ಹೋಗೋಣ ಅಂತ ಎದ್ದಿದ್ಳು. ಗೋಡೆ ಮೇಲೆ ನಿಮ್ಮ ಫೋಟೋ ಇತ್ತು. ನಾನೇ ತೋರಿಸಿದೆ. 'ನೋಡಮ್ಮ, ಇಂಥ ಡಾಕ್ಟ್ರು ಪಕ್ಕದಲ್ಲೇ ಇರ್ತಾರೆ, ಹೆದರಬೇಡ' ಅಂತ ನಾನೇ ಒಳಗೆ ಕಳಿಸಿದೆ. ಕೊನೆಗೆ ನೋಡಿದ್ದು ಅದೊಂದೇ, ಅದೊಂದು ನೆನಪು ಉಳಿದುಬಿಟ್ಟಿದೆ."

ಒಳಗಿಂದ ಕರೆದ್ರು.

ನನ್ನನ್ನ ಒಳಗೆ ಬಿಡಲ್ಲ ಅಂದ್ರು. ಹೆಂಡತಿ ಅಂದೆ. ಹಿಂದಿನ ಕುರ್ಚಿಯಲ್ಲಿ ಬಾಯಿ ಮುಚ್ಕೊಂಡು ಕೂರೋದಾದ್ರೆ ಬನ್ನಿ ಅಂದ್ರು. ಜೀವಮಾನದಲ್ಲಿ ಮೊದಲನೇ ಸಲ ಬಾಯಿ ಮುಚ್ಕೊಂಡು ಕೂತೆ. ಉದ್ದನೆ ಮೇಜಿನ ಆಚೆ ಮೂರ್ನಾಲ್ಕು ಜನ ಡಾಕ್ಟ್ರುಗಳು, ನಡುವೆ ಅಧ್ಯಕ್ಷೆ, ವಯಸ್ಸಾದ ಹೆಂಗಸು. ಈ ಕಡೆ ಹಲ್ಲಿನ ಡಾಕ್ಟರಮ್ಮ ತಲೆ ತಗ್ಗಿಸಿ ಕೂತಿದ್ಳು. ಇನ್ನೊಂದು ಕಡೆ ಅಪ್ಪ, ಮಗಳು. ಹುಡುಗಿ ಇವರನ್ನ ನೋಡಿ ಮತ್ತೆ ನಕ್ಕಳು.

ಏನೇನೋ ಓದಿದ್ರು, ಏನೇನೋ ಕೇಳಿದ್ರು. ಹಲ್ಲಿನ ಡಾಕ್ಟರಮ್ಮ ಔಷಧಿ ಕೊಟ್ಟಿದ್ದನ್ನ ಒಪ್ಕೊಂಡಳು. ಆಮೇಲೆ ಅಧ್ಯಕ್ಷೆ ಒಂದು ಹಾಳೆ ಇವರ ಕಡೆ ತಳ್ಳಿದ್ರು.

"ಡಾಕ್ಟ್ರೇ, ಈ ಸಹಿ ನಿಮ್ಮದಾ?"

"ಅಲ್ಲ" ಅಂದ್ರು ಇವರು.

ನನ್ನ ತಮ್ಮ ಉಸಿರು ಬಿಟ್ಟ. ನಾನೂ ಬಿಟ್ಟೆ. ಮುಗೀತು, ಇನ್ನು ಬಾಯಿ ಮುಚ್ಕೊಂಡು ಕೂತ್ಕೊಳ್ರೀ ಅಂತ ಮನಸ್ಸಿನಲ್ಲೇ ಕೂಗಿದೆ. ಅಧ್ಯಕ್ಷೆ ಬರ್ಕೊಳ್ಳೋಕೆ ಪೆನ್ನು ಎತ್ಕೊಂಡ್ರು.

"ಸಹಿ ನನ್ನದಲ್ಲ. ಹಾಕ್ಕೋ ಅಂತ ಹೇಳಿದ್ದು ನಾನು" ಅಂದ್ರು ಇವರು. "ಫೋನಿನಲ್ಲಿ ಹೇಳಿದ್ದೆ. ಅವಳು ಕದ್ದಿಲ್ಲ."

ತಮ್ಮ ಹಣೆ ಹಿಡ್ಕೊಂಡ. "ಮೇಡಂ, ನನ್ನ ಕಕ್ಷಿದಾರರಿಗೆ ಸ್ವಲ್ಪ ಸಮಯ..." ಅಂತ ಎದ್ದ. ಇವರು ಅವನ ಭುಜ ಒತ್ತಿ ಕೂರಿಸಿದ್ರು. ಆಗಲ್ಲ ಅಂತ ಬಾಯಲ್ಲಿ ಹೇಳೋಕೆ ಅವತ್ತೂ ಬರಲಿಲ್ಲ, ನೋಡಿ! ಕೈಯಲ್ಲೇ ಹೇಳಿದ್ರು.

ನೋಂದಣಿ ಹೋಯ್ತು. ಎರಡು ವರ್ಷದ ಮಟ್ಟಿಗೆ ಅಂದ್ರು. ಆಮೇಲೆ ಕೊಡ್ತಾರೋ ಬಿಡ್ತಾರೋ ಯಾರಿಗೆ ಗೊತ್ತು. ವಿಮೆಯವರು ತಮ್ಮ ಹೇಳಿದ ಹಾಗೇ ಕೈ ತೊಳ್ಕೊಂಡ್ರು. ಹಲ್ಲಿನ ಡಾಕ್ಟರಮ್ಮನ ಸೆಂಟರಿಗೆ ಬೀಗ ಬಿತ್ತು, ಅವಳ ಕೇಸು ಇನ್ನೂ ನಡೀತಿದೆ. ಅದೆಲ್ಲ ಕಾಗದದಲ್ಲಿ ಬಂದಿದ್ದು ಎಷ್ಟೋ ದಿನದ ಮೇಲೆ. ಅವತ್ತು ಆ ಕೋಣೆಯಲ್ಲಿ ಆಗಿದ್ದು ಬೇರೆ.

ಅಧ್ಯಕ್ಷೆ "ಇನ್ನೇನಾದ್ರೂ ಹೇಳೋದಿದೆಯಾ?" ಅಂತ ಕೇಳಿದ್ರು. ಇವರು ಮೇಜಿನ ಕಡೆಗೆ ಬೆನ್ನು ಮಾಡಿ ಹುಡುಗಿ ಕಡೆ ತಿರುಗಿದ್ರು.

"ಅಮ್ಮಾ, ನಾನು ನಿನ್ನನ್ನ ನೋಡ್ಕೊಳ್ಳಲಿಲ್ಲ. ನಾನು ಅವತ್ತು ಅಲ್ಲಿ ಇರಲೇ ಇಲ್ಲ. ಇರಬೇಕಾಗಿತ್ತು. ಕ್ಷಮಿಸು ಅಂತ ಕೇಳೋಕೂ ನನಗೆ ಮುಖ ಇಲ್ಲ."

ಹುಡುಗಿ ಅಪ್ಪನ ಮುಖ ನೋಡಿದ್ಳು, ಇವರ ಮುಖ ನೋಡಿದ್ಳು. ನಗು ಹೋಗಿ ಹುಬ್ಬು ಗಂಟಾಯ್ತು. ಇವರಿಗೇ ಏನೋ ಮರೆತುಹೋಗಿದೆ ಅಂತ ಅಂದ್ಕೊಂಡಳೇನೋ, ಸಣ್ಣ ಮಗುವಿಗೆ ಸಮಾಧಾನ ಹೇಳೋ ಹಾಗೆ ತಲೆ ಆಡಿಸಿದ್ಳು.

"ಇದ್ರಿ" ಅಂದಳು. ಈ ಸಲ ಪದ ಹುಡುಕಲಿಲ್ಲ. "ಇದ್ರಿ ಸರ್. ನಾನು ನೋಡಿದೀನಿ."

ಇವರು ಹಿಂದಕ್ಕೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತ್ರು. ಬಯ್ಯೋಣ ಅಂತ ತಿರುಗಿದೆ. ಇವರು ಅಳ್ತಿದ್ರು, ಎಲ್ಲರೆದುರಿಗೆ, ಮುಖ ಮುಚ್ಕೊಳ್ಳದೆ. ಎದುರುಗಡೆ ಹುಡುಗಿ ಅಪ್ಪನ ತೋಳು ಹಿಡಿದು ಮತ್ತೆ ಮತ್ತೆ ಅದನ್ನೇ ಹೇಳ್ತಿದ್ಳು. ಆ ಅಪ್ಪ "ಹೂಂ ಮಗಳೇ, ಇದ್ರು, ಇದ್ರು" ಅಂತ ಅವಳ ಬೆನ್ನು ಸವರ್ತಿದ್ರು.